ನಮ್ಮನೆಯವರ ಹೂಂ

ನಮ್ಮನೆಯವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕೋಪ ಬಂದಾಗ ಹೇಳಲು ಮರೆತುಹೋದೀತು. ಅವರು ಕೂಗಾಡುವುದಿಲ್ಲ, ಮುಖ ಊದಿಸಿಕೊಂಡು ಕೂರುವುದಿಲ್ಲ, ಊಟದಲ್ಲಿ ಉಪ್ಪು ಕಡಿಮೆಯಾದರೆ ತಾವೇ ಎದ್ದು ಹೋಗಿ ಹಾಕಿಕೊಳ್ಳುತ್ತಾರೆ. ಒಗೆದ ಬಟ್ಟೆ ಮಡಿಸುವುದರಲ್ಲಂತೂ ಅವರದು ಎತ್ತಿದ ಕೈ. ಅವರು ಮಡಿಸಿಟ್ಟ ಅಂಗಿಯನ್ನು ಬಿಚ್ಚಲು ನನಗೇ ಮನಸ್ಸು ಬರುವುದಿಲ್ಲ. ಇಷ್ಟೆಲ್ಲ ಇದ್ದ ಮನುಷ್ಯನಲ್ಲಿ ಒಂದೇ ಒಂದು ಕೊರತೆ. ಯಾರು ಏನು ಹೇಳಿದರೂ, ಹೇಳುವವರ ಮಾತು ಮುಗಿಯುವುದಕ್ಕೆ ಮೊದಲೇ "ಹೂಂ" ಅಂದುಬಿಡುತ್ತಿದ್ದರು.

ಆ ಹೂಂನಿಂದ ನಮ್ಮ ಮನೆಗೆ ಏನೇನು ಬಂದಿದೆ ಅಂತ ಕೇಳಿದರೆ ನೀವು ನಗುತ್ತೀರಿ. ಪಕ್ಕದ ಮನೆಯವರು ಊರು ಬಿಡುವಾಗ ಕೊಟ್ಟ ಮೀನಿನ ತೊಟ್ಟಿ ಬಂದಿದೆ, ಮೀನಿಲ್ಲದೆ. ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ತಾವು ಕಾರ್ಯದರ್ಶಿ ಅನ್ನುವುದು ಇವರಿಗೆ ಗೊತ್ತಾದದ್ದೇ, ಚರಂಡಿ ಕಟ್ಟಿದೆ ಎಂದು ಜನ ಗುಂಪಾಗಿ ನಮ್ಮ ಬಾಗಿಲಿಗೆ ಬಂದಾಗ. ನನ್ನ ಅಮ್ಮ ನಮ್ಮ ಜೊತೆ ಇರಲು ಬಂದದ್ದೂ ಒಂದು ಹೂಂನಿಂದಲೇ. ಅದೊಂದು ಮಾತ್ರ ಒಳ್ಳೆಯದಾಯಿತು ಅಂತ ಅಮ್ಮನ ಎದುರಿಗೆ ಹೇಳುತ್ತಿರುತ್ತೇನೆ. ಆಫೀಸಿನಲ್ಲಿ ಇವರನ್ನು ಹಿಂದಿನಿಂದ "ಹೂಂ ಸಾರ್" ಅಂತಲೇ ಕರೆಯುತ್ತಾರಂತೆ. ಒಮ್ಮೆ ಯಾರೋ ಎದುರಿಗೇ ಹಾಗೆ ಕರೆದರೆ, ಇವರು ಅದಕ್ಕೂ "ಹೂಂ" ಅಂದರಂತೆ.

ಇನ್ನು ನನ್ನ ವಿಷಯ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರುತ್ತಿರುತ್ತಾರೆ, ಪಕ್ಕದಲ್ಲಿ ನಾನು ಕೂತಿರುತ್ತೇನೆ. ನನ್ನ ಕಾಲಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಈ ಕೆಲಸದಲ್ಲಿ ಬಾಯಿ ಮುಚ್ಚಿದರೆ ಕಾರು ತಾನಾಗಿ ಕಂಬ ಹುಡುಕಿಕೊಂಡು ಹೋಗುತ್ತದೆ. "ಕನ್ನಡಿ ನೋಡಿ, ಕ್ಲಚ್ ಒತ್ತಿ, ಎರಡಕ್ಕೆ ಹಾಕಿ, ನಿಧಾನ, ನಿಧಾನ, ಆ ಅಜ್ಜ ರಸ್ತೆ ದಾಟ್ತಿದಾರೆ, ಅವರನ್ನ ಬದುಕೋಕೆ ಬಿಡಿ" ಅಂತ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಹೇಳುತ್ತಲೇ ಇರಬೇಕು. ಮನೆಗೆ ಬಂದರೂ ಅದು ನಿಲ್ಲುವುದಿಲ್ಲ. ನಾನು ವಾಚಾಳಿ ಅಂತ ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಬಾಯಿಂದ ಎಷ್ಟು ಜೀವ ಉಳಿದಿದೆ ಅಂತ ಅವರಿಗೇನು ಗೊತ್ತು.

ಹೀಗಿರುವಾಗ ಸ್ಕೂಲಿನ ಮಾಲೀಕರು ಒಂದು ಸೋಮವಾರ ನನ್ನನ್ನು ಕರೆದು ಕೂರಿಸಿದರು. ಅವರಿಗೆ ವಯಸ್ಸಾಗಿದೆ, ಮಗಳ ಊರಿಗೆ ಹೋಗಿ ಮೊಮ್ಮಕ್ಕಳ ಜೊತೆ ಇರುವ ಮನಸ್ಸಾಗಿದೆ. "ಸ್ಕೂಲ್ ನೀವೇ ವಹಿಸ್ಕೊಳ್ಳಿ ಅಮ್ಮ," ಅಂದರು. "ಬೇರೆ ಯಾರಿಗೂ ಕೊಡೋಕೆ ನನಗೆ ಇಷ್ಟ ಇಲ್ಲ. ಆದ್ರೆ ಒಂದು ಮಾತು. ನಡೆಸೋರು ಇಲ್ಲೇ ಇರ್ಬೇಕು. ಅಂಗಳದಲ್ಲಿ ಕಾರುಗಳಿರ್ತವೆ, ಬೆಳಕು ಹರಿಯೋ ಮೊದಲೇ ಕಲಿಯೋರು ಬಂದು ನಿಂತಿರ್ತಾರೆ. ಮೇಲಿನ ಮನೆ ಖಾಲಿ ಇದೆ, ಅಲ್ಲಿಗೆ ಬಂದುಬಿಡಿ. ಮನೆಯವರನ್ನ ಕೇಳಿ ಶನಿವಾರದೊಳಗೆ ಹೇಳಿ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟೋ ವರ್ಷ ಇನ್ನೊಬ್ಬರ ಹೆಸರಿನ ಬೋರ್ಡಿನ ಕೆಳಗೆ ಕೆಲಸ ಮಾಡಿದವಳು ನಾನು. ಹೊಸ ಬೋರ್ಡಿಗೆ ಯಾವ ಬಣ್ಣ ಹೊಡೆಸುವುದು ಅಂತ ಮನೆ ಸೇರುವಷ್ಟರಲ್ಲಿ ತೀರ್ಮಾನವಾಗಿತ್ತು. ಒಳಗೆ ಬಂದರೆ ನಮ್ಮನೆಯವರು ಮಂಚದ ಮೇಲೆ ಬಟ್ಟೆ ಹರವಿಕೊಂಡು ಮಡಿಸುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿದೆ. ಸ್ಕೂಲು, ಮಾಲೀಕರು, ಮಗಳ ಊರು, ಮೇಲಿನ ಮನೆ, ಬೋರ್ಡಿನ ಬಣ್ಣ.

"ಹೂಂ," ಅಂದರು.

"ಮನೆ ಬದಲಾಯಿಸ್ಬೇಕಾಗುತ್ತೆ ರೀ."

"ಹೂಂ."

ಅಲ್ಲಿಯವರೆಗೆ ಹಾರುತ್ತಿದ್ದ ಮನಸ್ಸು ಧೊಪ್ಪನೆ ಕೆಳಗೆ ಬಿತ್ತು. ಇದು ನಿಜವಾದ ಹೂಂ ಹೌದೋ ಅಲ್ಲವೋ? ಮೀನಿನ ತೊಟ್ಟಿಗೆ ಅಂದದ್ದೂ ಇದೇ ಹೂಂ. ಇಂಥದ್ದನ್ನು ನಂಬಿಕೊಂಡು ಹೋಗಿ ಮಾಲೀಕರಿಗೆ ಮಾತು ಕೊಡುವುದು ಹೇಗೆ? ಸಾಮಾನು ಸಾಗಿಸುವ ಲಾರಿ ಬಾಗಿಲಿಗೆ ಬಂದು ನಿಂತಾಗ "ಇದೆಲ್ಲ ಎಲ್ಲಿಗೆ ಹೋಗ್ತಿದೆ" ಅಂತ ಕೇಳುವ ಪೈಕಿ ಇವರು. ಪರೀಕ್ಷೆ ಮಾಡಿಯೇಬಿಡೋಣ ಅಂತ ಅನಿಸಿತು.

"ರೀ, ನಾನು ಇನ್ನೊಂದು ಮದುವೆ ಆಗೋಣ ಅಂತಿದೀನಿ," ಅಂದೆ.

"ಹೂಂ."

"ನೀವೂ ಬರ್ಬೇಕು."

"ಹೂಂ. ರಜಾ ಸಿಗುತ್ತಾ ನೋಡ್ತೀನಿ."

ಪಕ್ಕದ ಕೋಣೆಯಿಂದ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಶನಿವಾರದೊಳಗೆ ಈ ಮನುಷ್ಯನ ಬಾಯಿಂದ ಒಂದು ನೆಟ್ಟಗಿನ ಉತ್ತರ ಹೊರಡಬೇಕಿತ್ತು; ನನ್ನ ಸ್ಕೂಲು ಅದರ ಮೇಲೆ ನಿಂತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಆ ವಾರ ಅವರ ತಲೆಯೂ ಕೆಟ್ಟಿತ್ತು. ಅವರದು ಪ್ರೋಗ್ರಾಂ ಬರೆಯುವ ಕೆಲಸ. ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಹೊಸದಾಗಿ ಬೋರ್ಡು ಹಾಕಿದ್ದರು. ಯಾವ ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅದರಲ್ಲಿ ಅಕ್ಷರಗಳು ಮೆಲ್ಲಗೆ ನಡೆದುಕೊಂಡು ಹೋಗುತ್ತವೆ. ಅದನ್ನು ನಡೆಸುವ ಪ್ರೋಗ್ರಾಂ ಇವರದೇ. ಮೊದಲ ದಿನ ನಾನು ನಿಂತು ನೋಡಿ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ "ಇದು ನಮ್ಮನೆಯವರು ಮಾಡಿದ್ದು" ಅಂತ ಹೇಳಿಯೂ ಇದ್ದೆ. ಹೇಳಬಾರದಿತ್ತು. ನಾಲ್ಕು ದಿನಕ್ಕೆ ಊರಿನವರೆಲ್ಲ ಆ ಬೋರ್ಡಿಗೆ ಹಿಡಿಶಾಪ ಹಾಕತೊಡಗಿದರು. ಬೋರ್ಡು "ಬರುತ್ತಿದೆ" ಅನ್ನುವ ಬಸ್ಸು ಆಗಲೇ ಹೋಗಿಬಿಟ್ಟಿರುತ್ತಿತ್ತು. ಎದುರಿಗೆ ಬಂದು ನಿಂತ ಬಸ್ಸಿನ ಹೆಸರು ಬೋರ್ಡಿನಲ್ಲೇ ಇರುತ್ತಿರಲಿಲ್ಲ. ತಮಾಷೆ ಏನೆಂದರೆ, ದೂರು ಕೇಳಿ ತಪಾಸಣೆಯವರು ಬೆಳಗ್ಗೆ ಬಂದು ನೋಡಿದರೆ ಎಲ್ಲವೂ ಸರಿ. ಇವರೂ ಬೆಳಗ್ಗೆ ಹೋಗಿ ನೋಡುತ್ತಿದ್ದರು, ಸರಿ. ಸಂಜೆ ಜನ ಮತ್ತೆ ಬೈಯುತ್ತಿದ್ದರು.

ಮಂಗಳವಾರ ಸಂಜೆ ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋದವಳು ಮುಖ ಕೆಂಪಗೆ ಮಾಡಿಕೊಂಡು ಬಂದಳು. ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು ನೇರ ಅಳಿಯನ ಎದುರಿಗೆ ನಿಂತಳು.

"ಅಳಿಯಂದ್ರೇ, ನಿಮ್ಮ ಬೋರ್ಡು ಸುಳ್ಳುಬುರುಕ."

"ಹೂಂ," ಅಂದರು ಇವರು. ಆಮೇಲೆ ತಲೆಯೆತ್ತಿ, "ಏನಂದ್ರಿ ಅತ್ತೆ?" ಅಂದರು. ಅವರ ಬೋರ್ಡಿಗೆ ಅಂದದ್ದು ಮಾತ್ರ ಹೇಗೋ ಒಳಗೆ ಹೋಗಿತ್ತು.

ಊಟಕ್ಕೆ ಕೂತಾಗ ಅಮ್ಮ ಬಿಡಲಿಲ್ಲ. ಆ ಬೋರ್ಡಿಗೆ ಬಸ್ಸಿನ ಸುದ್ದಿ ಹೇಳುವವರು ಯಾರು, ಅದು ಹೇಗೆ ತಲುಪುತ್ತದೆ, ಎಲ್ಲ ಬಿಡಿಸಿ ಹೇಳಬೇಕು ಅಂತ ಪಟ್ಟು ಹಿಡಿದಳು. ನಮ್ಮನೆಯವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಇವರ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ಇರಬಹುದು ಅಂತ ನಾನು ಅಂದುಕೊಂಡಿರಲೇ ಇಲ್ಲ.

"ಬಸ್ಸು ದಾರಿಯುದ್ದಕ್ಕೂ 'ನಾನು ಇಲ್ಲಿದೀನಿ, ನಾನು ಇಲ್ಲಿದೀನಿ' ಅಂತ ಕಳಿಸ್ತಾನೇ ಇರುತ್ತೆ ಅತ್ತೆ. ಹೊಳೆ ಹರಿದ ಹಾಗೆ. ಅದಕ್ಕೆ ಸ್ಟ್ರೀಮ್ ಅಂತೀವಿ. ನಿಲ್ದಾಣದ ಬೋರ್ಡು ಅದಕ್ಕೆ ಸಬ್‌ಸ್ಕ್ರೈಬರ್. ಅಂದ್ರೆ ಚಂದಾದಾರ."

"ಬೋರ್ಡು ಎಷ್ಟು ಚಂದಾ ಕಟ್ಟುತ್ತೆ?"

"ದುಡ್ಡಿನ ಚಂದಾ ಅಲ್ಲ. 'ನನಗೂ ಕಳಿಸಿ' ಅಂತ ಹೆಸರು ಬರೆಸೋದು, ಅಷ್ಟೇ. ಆದ್ರೆ ಹೆಸರು ಬರೆಸಿದ ತಕ್ಷಣ ಏನೂ ಬರಲ್ಲ. 'ಒಂದು ಕಳಿಸಿ' ಅಂತ ಚಂದಾದಾರನೇ ಕೇಳ್ಬೇಕು. ಒಂದು ಕೇಳಿದ್ರೆ ಒಂದು, ಹತ್ತು ಕೇಳಿದ್ರೆ ಹತ್ತು. ಕೇಳಿದ್ದಕ್ಕಿಂತ ಹೆಚ್ಚು ಅವನ ಮೇಲೆ ಸುರಿಯೋ ಹಾಗಿಲ್ಲ."

"ಕೇಳದೇ ಇದ್ರೆ?"

"ಬರಲ್ಲ."

"ಇದು ಒಳ್ಳೇ ಮರ್ಯಾದಸ್ತರ ವ್ಯವಹಾರ," ಅಂದಳು ಅಮ್ಮ. "ಎಂದಾದ್ರೂ ಮುಗಿಯುತ್ತೋ ಇಲ್ಲ ಹರೀತಾನೇ ಇರುತ್ತೋ?"

"ಕೊನೆಗೆ ಎರಡರಲ್ಲಿ ಒಂದು ಸುದ್ದಿ ಬರುತ್ತೆ. 'ಮುಗೀತು' ಅಂತ, ಇಲ್ಲ 'ಕೆಟ್ಟುಹೋಯ್ತು' ಅಂತ. ಅದಾದ್ಮೇಲೆ ಏನೂ ಬರೋದಿಲ್ಲ. ಮಧ್ಯದಲ್ಲೇ ಬೇಜಾರಾದ್ರೆ, 'ಸಾಕು' ಅಂದು ಹೆಸರು ತೆಗೆಸ್ಕೊಳ್ಳೋಕೂ ಬರುತ್ತೆ."

"ಈ ಮನೇಲಿ ನಾನೂ ಹೆಸರು ತೆಗೆಸ್ಕೊಬಹುದಾ?" ಅಂತ ನಾನು ನಡುವೆ ಬಾಯಿ ಹಾಕಿದೆ.

"ಹೂಂ," ಅಂದರು.

ಇಷ್ಟು ಚೊಕ್ಕವಾಗಿ ನಡೆಯಬೇಕಾದದ್ದು ಸಂಜೆ ಹೊತ್ತಿಗೆ ಯಾಕೆ ಹದಗೆಡುತ್ತದೆ ಅನ್ನುವುದು ಮಾತ್ರ ಇವರಿಗೆ ಗೊತ್ತಿರಲಿಲ್ಲ. ಬಸ್ಸಿನದು ತಪ್ಪಿಲ್ಲ, ದಾರಿಯಲ್ಲಿ ಏನೂ ಕಳೆದುಹೋಗುತ್ತಿಲ್ಲ. ಬುಧವಾರ ಇಡೀ ದಿನ ಆಫೀಸಿನಲ್ಲಿ ತಲೆ ಚಚ್ಚಿಕೊಂಡು ಬಂದರು. ಬಂದವರೇ ಬಟ್ಟೆ ಮಡಿಸಲು ಕೂತರು. ತಲೆ ಓಡದಿದ್ದಾಗ ಅವರು ಮಾಡುವುದು ಅದನ್ನೇ. ಆವತ್ತು ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

ಅಳಿಯ ಹೀಗೆ ಕೂತದ್ದು ಕಂಡರೆ ಅಮ್ಮನಿಗೆ ಖುಷಿ. ಅವಳ ಹತ್ತಿರ ಮುಗಿಯದಷ್ಟು ಕಥೆಗಳಿವೆ, ಕೇಳುವವರು ಯಾರೂ ಇಲ್ಲ. ನನಗೆ ಪುರುಸೊತ್ತಿಲ್ಲ. ಅವಳ ಕಥೆಗೆ ಒಂದು ಕಟ್ಟುಪಾಡು: ಒಂದು ಮಾತು ಹೇಳಿ ನಿಲ್ಲಿಸುತ್ತಾಳೆ, ಕೇಳುವವರು ಹೂಂಗುಟ್ಟಬೇಕು, ಆಮೇಲೆ ಮುಂದಿನ ಮಾತು. ಹೂಂ ಬರದಿದ್ದರೆ ಕಥೆ ಅಲ್ಲಿಗೇ ನಿಂತಿತು. ನಾನು ಚಿಕ್ಕವಳಿದ್ದಾಗ ಎಷ್ಟೋ ರಾಜಕುಮಾರರು ನನಗೆ ನಿದ್ದೆ ಬಂದದ್ದರಿಂದಲೇ ನಡುದಾರಿಯಲ್ಲಿ ಉಳಿದುಹೋಗಿದ್ದಾರೆ. ಆ ಲೆಕ್ಕದಲ್ಲಿ ನಮ್ಮನೆಯವರಂಥ ಕೇಳುಗ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ನಮ್ಮ ದೊಡ್ಡಪ್ಪ ಒಂದು ಕುದುರೆ ಕೊಂಡ," ಅಂತ ಅಮ್ಮ ಶುರುಮಾಡಿದಳು.

"ಹೂಂ."

"ಅದು ಮೊದಲು ಬ್ರೆಡ್ ಮಾರೋನ ಗಾಡಿ ಎಳೀತಿತ್ತು."

"ಹೂಂ."

"ಅದಕ್ಕೇ ದೊಡ್ಡಪ್ಪ ಹತ್ತಿ ಕೂತ್ರೂ, ಅದು ಪ್ರತಿ ಮನೆ..."

"ಹೂಂ."

"ಮುಂದೆ..."

"ಹೂಂ."

ಅಮ್ಮ ನಿಲ್ಲಿಸಿದಳು. "ಅಳಿಯಂದ್ರೇ, ಕುದುರೆ ಎಲ್ಲಿ ನಿಂತ್ಕೊಳ್ತು?"

ನಮ್ಮನೆಯವರು ಕಣ್ಣುಕಣ್ಣು ಬಿಟ್ಟರು. "ಲಾಯದಲ್ಲಿ?" ಅಂದರು.

"ನಾನಿನ್ನೂ ಹೇಳೇ ಇಲ್ಲ. ಹೇಳೋ ಮೊದಲೇ ಹೂಂ ಅಂದ್ರೆ ಏನರ್ಥ? ಹೇಳಿದ್ದು ಒಳಗೆ ಇಳೀಬೇಕು, ಆಮೇಲೆ ಹೂಂ ಅನ್ಬೇಕು. ನೀವು ಹೂಂ ಅಂದ್ರಿ ಅಂತ ನಾನು ಮುಂದಿನದು ಹೇಳ್ತೀನಿ. ಹಿಂದಿನದೆಲ್ಲ ನಿಮ್ಮ ಕಿವಿ ಬಾಗಿಲಲ್ಲೇ ಗುಡ್ಡೆ ಬಿದ್ದಿದೆ. ಇಷ್ಟು ದಿನದಿಂದ ನಾನು ಯಾರಿಗೆ ಕಥೆ ಹೇಳ್ತಿದ್ದೆ, ಈ ದಿಂಬಿನ ಚೀಲಕ್ಕಾ?"

ದಿಂಬಿನ ಚೀಲ ಇವರ ಕೈಯಲ್ಲೇ ನಿಂತುಹೋಯಿತು. "ಅತ್ತೆ, ಇನ್ನೊಂದು ಸಲ ಹೇಳಿ," ಅಂದರು.

"ಕುದುರೇದಾ?"

"ಅಲ್ಲ. ಗುಡ್ಡೆದು."

ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕುದುರೆ ಅಷ್ಟು ಚೆನ್ನಾಗಿರುವಾಗ ಅಳಿಯ ಗುಡ್ಡೆ ಕೇಳುತ್ತಾರಲ್ಲ ಅಂತ. ಇವರು ಆಗಲೇ ಎದ್ದು ಹೋಗಿ ಕಂಪ್ಯೂಟರ್ ಮುಂದೆ ಕೂತಿದ್ದರು.

ಆಮೇಲೆ ನನಗೆ ತಿಳಿಸಿ ಹೇಳಿದ್ದು ಇಷ್ಟು. ಬೋರ್ಡು ಒಂದು ಸುದ್ದಿ ತೆಗೆದುಕೊಂಡು, ಅದನ್ನು ಅಕ್ಷರಗಳಲ್ಲಿ ಪೂರ್ತಿ ತೋರಿಸಿ, ಆಮೇಲೆ "ಇನ್ನೊಂದು ಕಳಿಸಿ" ಅನ್ನಬೇಕು. ಆದರೆ ಇವರು ಬರೆದ ಪ್ರೋಗ್ರಾಂನಲ್ಲಿ ಬೋರ್ಡು ಸುದ್ದಿ ಕೈಗೆ ಬಂದ ಕೂಡಲೇ, ಇನ್ನೂ ತೋರಿಸುವ ಮೊದಲೇ, ಇನ್ನೊಂದು ಕೇಳಿಬಿಡುತ್ತಿತ್ತು. ಅಕ್ಷರ ನಡೆಯುವುದು ನಿಧಾನ, ಸುದ್ದಿ ಬರುವುದು ಬೇಗ. ತೋರಿಸದೆ ಉಳಿದದ್ದೆಲ್ಲ ಬೋರ್ಡಿನ ಹೊಟ್ಟೆಯಲ್ಲಿ ಸಾಲುಗಟ್ಟುತ್ತಿತ್ತು. ಬೆಳಗ್ಗೆ ಚಾಲೂ ಮಾಡಿದಾಗ ಹೊಟ್ಟೆ ಖಾಲಿ, ಆದ್ದರಿಂದ ಎಲ್ಲ ಸರಿ. ಸಂಜೆಯ ಹೊತ್ತಿಗೆ ಅದು ಮಧ್ಯಾಹ್ನದ ಬಸ್ಸುಗಳ ಸುದ್ದಿ ಹೇಳುತ್ತಾ ಕೂತಿರುತ್ತಿತ್ತು. ಪಾಪ, ಸುಳ್ಳೇನೂ ಹೇಳುತ್ತಿರಲಿಲ್ಲ, ಹಳೆಯ ನಿಜ ಹೇಳುತ್ತಿತ್ತು. ಒಟ್ಟಿನಲ್ಲಿ ಇವರು ಊರಿನ ನಿಲ್ದಾಣಕ್ಕೊಬ್ಬರಂತೆ ತಮ್ಮನ್ನೇ ನಿಲ್ಲಿಸಿ ಬಂದಿದ್ದರು.

ತಪ್ಪು ಸಿಕ್ಕ ಮೇಲೆ ಸರಿಮಾಡುವುದು ಅವರಿಗೆ ಎಷ್ಟರ ಮಾತು. ಇನ್ನು ಮುಂದೆ ಬೋರ್ಡು ತೋರಿಸಿ ಮುಗಿಸಿದ ಮೇಲೆಯೇ ಕೇಳುತ್ತದೆ. "ಅದು ಕೇಳೋವರೆಗೂ ಬಸ್ಸು ಬಾಯಿ ಮುಚ್ಕೊಂಡಿರುತ್ತಾ?" ಅಂತ ನಾನು ಕೇಳಿದೆ. ಬಸ್ಸು ಸುಮ್ಮನಿರುವುದಿಲ್ಲ, ಹೇಳುತ್ತಲೇ ಇರುತ್ತದೆ. ಆದರೆ ಆ ನಡುವೆ ಬಂದದ್ದರಲ್ಲಿ ಕೊನೆಯದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದಂತೆ. "ಬಸ್ಸು ಈಗ ಎಲ್ಲಿದೆ ಅನ್ನೋದಷ್ಟೇ ಜನಕ್ಕೆ ಬೇಕು. ಆಗ ಎಲ್ಲಿತ್ತು ಅನ್ನೋದು ಕಟ್ಕೊಂಡು ಏನ್ಮಾಡ್ತಾರೆ?" ಅಂದರು. ಮಾತು ಸರಿಯಾಗಿಯೇ ಇತ್ತು.

ಗುರುವಾರ ಸಂಜೆ ಊರಿನ ಬೋರ್ಡುಗಳೆಲ್ಲ ನೆಟ್ಟಗಾದವು. ಅಮ್ಮ ಕೆಲಸವಿಲ್ಲದಿದ್ದರೂ ಹೋಗಿ ನಿಲ್ದಾಣದಲ್ಲಿ ಕೂತು, ಬಂದ ಬಸ್ಸನ್ನೆಲ್ಲ ಬೋರ್ಡಿಗೆ ತಾಳೆ ನೋಡಿ, ಯಾವುದಕ್ಕೂ ಹತ್ತದೆ ವಾಪಸು ಬಂದಳು. ಆಫೀಸಿನ ಮೇಡಂ ಫೋನ್ ಮಾಡಿ ಹೊಗಳಿದರು. ಇವರು ಮೇಡಂ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಸ್ವಲ್ಪ ಯೋಚಿಸಿ, ಆಮೇಲೆ "ಥ್ಯಾಂಕ್ಸ್ ಮೇಡಂ" ಅಂದರು. ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಹೂಂ ಹೋಗಿತ್ತು. ಪ್ರೋಗ್ರಾಂನಲ್ಲಿ ಮಾಡಿದ ತಿದ್ದುಪಡಿಯನ್ನು ಈ ಮಹಾನುಭಾವರು ತಮಗೂ ಮಾಡಿಕೊಂಡಿದ್ದರು.

ಇದೇ ಸಮಯ ಅಂದುಕೊಂಡೆ. ಊಟ ಮುಗಿದು ಇವರು ಅಂಗಿ ಮಡಿಸುತ್ತಿದ್ದಾಗ ಹತ್ತಿರ ಹೋಗಿ ಕೂತೆ. "ನೋಡಿ, ನಾಡಿದ್ದು ಶನಿವಾರ. ಮಾಲೀಕರು ಕಾಯ್ತಿದಾರೆ. ಮೇಲಿನ ಮನೆಗೆ ಹೋಗೋದಾದ್ರೆ ಈ ಬಾಡಿಗೆ ಮನೆಯವರಿಗೆ ಮೊದಲೇ ತಿಳಿಸ್ಬೇಕು. ಅಲ್ಲಿ ಅಡುಗೆಮನೆ ಚಿಕ್ಕದು, ಪರವಾಗಿಲ್ಲ. ಆ ಮೀನಿನ ತೊಟ್ಟಿ ಮಾತ್ರ ನಾನು ತರಲ್ಲ. ಅಂದ ಹಾಗೆ ನನ್ನ ಕೊಡೆ ಎಲ್ಲೂ ಕಾಣ್ತಿಲ್ಲ," ಅಂದೆ.

ಅವರು ಅಂಗಿಯ ಎರಡು ತೋಳನ್ನೂ ಮಡಿಸಿ, ಕಾಲರ್ ನೀವಿ, ಪಕ್ಕಕ್ಕಿಟ್ಟು, ನನ್ನ ಮುಖ ನೋಡಿದರು. ಎಷ್ಟೋ ವರ್ಷಗಳ ಮೇಲೆ ಹಾಗೆ ಪೂರ್ತಿ ನೋಡಿದ್ದು. ನನಗೆ ಸ್ವಲ್ಪ ನಾಚಿಕೆಯೂ ಆಯಿತು.

"ಕೊಡೆ ಬಾಗಿಲ ಹಿಂದೆ ಇದೆ," ಅಂದರು.

"ಮಾಲೀಕರ ವಿಷಯ?"

"ಯಾವ ಮಾಲೀಕರು?"

ನನ್ನ ಮೈಯೆಲ್ಲ ಉರಿದುಹೋಯಿತು. ಇವರು ಮಾತ್ರ ತಣ್ಣಗೆ, "ನಾನು ಅಂಗಿ ಮಡಿಸ್ತಿದ್ದೆನಲ್ಲ, ಆ ನಡುವೆ ಬಂದದ್ದನ್ನ ಬಿಟ್ಟೆ. ಕೊನೇದು ಇಟ್ಕೊಂಡೆ," ಅಂದರು.

"ನಾನೇನು ಬಸ್ಸಾ?" ಅಂತ ಕಿರುಚಿದೆ. ಬೀದಿಯವರೆಗೂ ಕೇಳಿಸಿರಬೇಕು. "ನಾನು ಮೊದಲು ಹೇಳಿದ್ದಕ್ಕೆ ಬೆಲೆ ಇಲ್ವಾ? ಕೊಡೆ ಹೇಳಿದೆ ಅಂತ ಸ್ಕೂಲ್ ಎಸೆದುಬಿಡ್ತೀರಾ?"

ಅವರು ಯೋಚಿಸಿದರು. ಯೋಚಿಸುತ್ತಿರುವುದು ಹಣೆ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ನಿಧಾನವಾಗಿ, "ನೀನು ಹೇಳೋದು ಸರಿ," ಅಂದರು. "ನಿನ್ನ ಮಾತಲ್ಲಿ ಒಂದನ್ನೂ ಎಸೆಯೋ ಹಾಗಿಲ್ಲ. ಗುಡ್ಡೆ ಹಾಕ್ಕೊಳ್ಳೋಕೂ ನನಗೆ ಜಾಗ ಇಲ್ಲ. ಹಂಗಿದ್ದಾಗ ಇರೋದು ಒಂದೇ ದಾರಿ. ಕಳಿಸೋರು ನಿಲ್ಲಬೇಕು. ನಾನು 'ಮುಂದೆ' ಅನ್ನೋವರೆಗೂ."

"ಅಂದ್ರೆ ನಾನು ಬಾಯಿ ಮುಚ್ಕೊಂಡು ಕೂತಿರ್ಬೇಕು?"

"ಹೌದು," ಅಂದರು, ದಾರಿ ಕೇಳಿದವರಿಗೆ ಹೇಳುವಷ್ಟು ಸರಳವಾಗಿ.

ಶುಕ್ರವಾರ ಇಡೀ ದಿನ ನಾನು ಅವರೊಡನೆ ಮಾತು ಬಿಟ್ಟೆ. ಬೇಕಂತಲೇ ಬಿಟ್ಟೆ. ಅವರಿಗೆ ಅದು ಶಿಕ್ಷೆ ಅಂತ ಗೊತ್ತಾಗಲಿಲ್ಲ. ನಾನು ಅಭ್ಯಾಸ ಮಾಡುತ್ತಿದ್ದೇನೆ ಅಂದುಕೊಂಡು ಬಹಳ ಮೆಚ್ಚಿಕೊಂಡರು.

ಶನಿವಾರ ಮಧ್ಯಾಹ್ನ ಕೊನೆಯ ಪಾಠ ಮುಗಿಸಿ, ಇವರನ್ನು ಮನೆಯಿಂದ ಕಾರಿನಲ್ಲಿ ಕರೆದುಕೊಂಡು ಸ್ಕೂಲಿನ ಅಂಗಳಕ್ಕೆ ಬಂದೆ. ಮಾಲೀಕರು ಒಳಗೆ ಕೂತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಗೋಡೆಯ ಹೊರಗಿನಿಂದ ಮೇಲಿನ ಮನೆಗೆ ಹೋಗುವ ಕಬ್ಬಿಣದ ಮೆಟ್ಟಿಲು. ಅದರ ಕೆಳಗೆ ಕಲಿಯುವವರ ಸೈಕಲ್ಲುಗಳು. ಇಂಜಿನ್ ಆರಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಹಣೆಬರಹ ತೀರ್ಮಾನವಾಗುವ ಹೊತ್ತಿನಲ್ಲಿ ನಾನು ಒಂದೊಂದೇ ಮಾತು ಎಣಿಸಿ ಕೊಡಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

"ಈ ಸ್ಕೂಲ್ ನಾನು ವಹಿಸ್ಕೊಬೇಕು ಅಂತಿದೀನಿ," ಅಂದೆ. ನಿಲ್ಲಿಸಿದೆ.

ಅವರು ಬೋರ್ಡು ನೋಡಿದರು, ಅಂಗಳ ನೋಡಿದರು. ನಿಂತ ಕಾರಿನಲ್ಲಿ ನಾನು ಬ್ರೇಕ್ ಒತ್ತಿ ಹಿಡಿದಿದ್ದೆ.

"ಗೊತ್ತು. ನಿನ್ನ ಬಿಟ್ರೆ ಇದನ್ನ ನಡೆಸೋರು ಯಾರೂ ಇಲ್ಲ. ಮುಂದೆ."

ಇವರು ನನ್ನನ್ನು ಇಷ್ಟು ಹೊಗಳಿದ್ದು ಇದೇ ಮೊದಲು. ಅದರ ಬಗ್ಗೆ ಮಾತಾಡಲು ಹೋಗಲಿಲ್ಲ. "ನಡೆಸೋರು ಮೇಲಿನ ಮನೇಲೇ ಇರ್ಬೇಕಂತೆ," ಅಂದೆ.

ಈ ಸಲ ಅವರು ಕಬ್ಬಿಣದ ಮೆಟ್ಟಿಲನ್ನು ಬುಡದಿಂದ ತುದಿಯವರೆಗೆ ಒಂದೊಂದಾಗಿ ನೋಡುತ್ತಾ ಕೂತರು. ಹಿಂದಿನ ನಾನಾಗಿದ್ದರೆ ಅಷ್ಟರಲ್ಲಿ ಬೋರ್ಡಿನ ಬಣ್ಣ, ಅಡುಗೆಮನೆಯ ಕಿಟಕಿ, ಅಮ್ಮನ ಮಂಚ ಎಲ್ಲ ಹೇಳಿ ಮುಗಿಸಿರುತ್ತಿದ್ದೆ. ತುಟಿ ಕಚ್ಚಿಕೊಂಡು ಕೂತೆ.

"ಆ ಮೆಟ್ಟಿಲು ಹತ್ತೋಕೆ ನನ್ನ ಕೈಲಿ ಆಗಲ್ಲ," ಅಂದರು.

"ಯಾಕೆ?"

"ಮಂಡಿ. ಎರಡೂ. ಆಫೀಸಲ್ಲಿ ಲಿಫ್ಟ್ ಇದೆ, ಮನೆ ನೆಲಮಟ್ಟದಲ್ಲಿದೆ, ಹೇಗೋ ನಡೀತಿದೆ. ಡಾಕ್ಟ್ರಿಗೆ ತೋರಿಸ್ದೆ. ಇನ್ನು ಹೀಗೇ ಇರುತ್ತೆ ಅಂದ್ರು."

"ಡಾಕ್ಟ್ರಿಗೆ ತೋರಿಸಿದ್ರಾ? ಯಾವಾಗ? ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಎಷ್ಟೋ ಸಲ ಬಂದೆ," ಅಂದರು. "ನೀನು ನಿಲ್ಲಿಸ್ತಿರಲಿಲ್ಲವಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಕೊಟ್ಟು ಹಗುರಾಗುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಇವರ ನೋವು ಡಾಕ್ಟರಿಗೆ ಗೊತ್ತು, ಆಫೀಸಿನ ಲಿಫ್ಟಿಗೆ ಗೊತ್ತು, ಒಂದೇ ಸೂರಿನ ಕೆಳಗಿದ್ದ ನನಗೆ ಗೊತ್ತಿಲ್ಲ. ಸಂಕಟವಾಯಿತು. ಸ್ಕೂಲು ಕೈತಪ್ಪಿತು ಅಂತಲೂ ಸಂಕಟವಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ.

"ಸೋಮವಾರ ಹೂಂ ಅಂದ್ರಲ್ಲ ನೀವು?"

"ಅದು ಉತ್ತರ ಅಲ್ಲ. ಅಭ್ಯಾಸ," ಅಂದರು.

ಕಣ್ಣು ಒರೆಸಿಕೊಂಡು ಇಳಿದು ಒಳಗೆ ಹೋದೆ. ಮಾಲೀಕರಿಗೆ ಸುತ್ತಿ ಬಳಸಿ ಹೇಳಲಿಲ್ಲ. "ಸ್ಕೂಲ್ ಬೇಕು, ಮೇಲಿನ ಮನೆ ಆಗಲ್ಲ," ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಿಲ್ಲದೆ ಇದು ನಡಿಯಲ್ಲ ಅಮ್ಮ. ಬೆಳಗ್ಗೆ ಗೇಟ್ ತೆಗೆಯೋರು ಇಲ್ಲೇ ಇರ್ಬೇಕು. ಬೇಕಾದ್ರೆ ಇನ್ನೊಂದು ವಾರ ಯೋಚ್ನೆ ಮಾಡಿ," ಅಂದರು. "ಯೋಚ್ನೆ ಮಾಡೋಕೆ ಏನಿಲ್ಲ ಸಾರ್, ಬೇರೆಯವರನ್ನ ನೋಡಿ," ಅಂದೆ. ನನ್ನ ಬಾಯಿಂದ ಅಷ್ಟು ಚಿಕ್ಕ ಮಾತು ಹೊರಟದ್ದು ಕಂಡು ಅವರಿಗೇ ಗಾಬರಿಯಾಗಿರಬೇಕು, ಎದ್ದು ನನ್ನ ಹಿಂದೆಯೇ ಬಾಗಿಲವರೆಗೆ ಬಂದರು.

ಕಾರಿನಲ್ಲಿ ಇವರಿರಲಿಲ್ಲ. ನೋಡಿದರೆ ಕಬ್ಬಿಣದ ಮೆಟ್ಟಿಲಿನ ಮೇಲಿದ್ದಾರೆ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲಿಟ್ಟು, ಇನ್ನೊಂದನ್ನು ಎಳೆದು ಅದರ ಪಕ್ಕಕ್ಕಿಟ್ಟು, ನಿಂತು ಉಸಿರು ಬಿಡುತ್ತಿದ್ದರು. ಅರ್ಧ ದಾರಿ ಹತ್ತಿದ್ದರು. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ರೀ, ಏನ್ ಮಾಡ್ತಿದೀರಿ ಅಲ್ಲಿ?" ಅಂದೆ.

ತಿರುಗಿ ನೋಡದೆ ಹೇಳಿದರು. "ಒಂದೇ ಉಸಿರಿಗೆ ಹತ್ತೋಕಾಗಲ್ಲ ಅಷ್ಟೇ. ಒಂದೊಂದೇ ಹತ್ತಿದ್ರೆ ಆಗುತ್ತೇನೋ ನೋಡ್ತಿದ್ದೆ. ದಿನಕ್ಕೆ ಒಂದ್ಸಲ ಅಂದ್ರೆ ಆಗಬಹುದು. ನೀನು ಸ್ಕೂಲ್ ತಗೋ."

ನಾನು ಮೆಟ್ಟಿಲಿನ ಬುಡಕ್ಕೆ ಓಡಿದೆ. ಬಾಗಿಲಲ್ಲಿ ನಿಂತಿದ್ದ ಮಾಲೀಕರು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ತಲೆ ಕೆರೆದುಕೊಂಡು, "ಇದನ್ನ ಮೊದಲೇ ಹೇಳ್ಬಾರದಾ ಅಮ್ಮ," ಅಂತ ಗೊಣಗಿದರು. "ಆಫೀಸಿನ ಹಿಂದೆ ಎರಡು ಕೋಣೆ ಇದೆಯಲ್ಲ, ಹಳೇ ಟೈರು ತುಂಬಿಟ್ಟಿದೀನಿ. ಟೈರು ಮೇಲಕ್ಕೆ ಹೋಗ್ಲಿ, ನೀವು ಕೆಳಗಿರಿ. ಟೈರಿಗೇನು ಮಂಡಿ ನೋವಾ?" ಆಮೇಲೆ ಕತ್ತೆತ್ತಿ, "ಇಳೀರಿ ಸಾರ್, ಸಾಕು, ಕೆಳಗೇ ಮನೆ ಮಾಡ್ಕೊಡ್ತೀನಿ," ಅಂತ ಕೂಗಿದರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಂತೆ. ನಮ್ಮನೆಯವರು ಒಂದು ಮೆಟ್ಟಿಲು ಇಳಿಯುತ್ತಿದ್ದರು, ನಿಲ್ಲುತ್ತಿದ್ದರು, ಇನ್ನೊಂದು ಇಳಿಯುತ್ತಿದ್ದರು. "ಕಂಬಿ ಹಿಡೀರಿ, ಬಲಗಾಲು, ನಿಧಾನ" ಅಂತ ಹೇಳಲು ನನ್ನ ಬಾಯಿ ತವಕಿಸುತ್ತಿತ್ತು. ಹೇಳಲಿಲ್ಲ. ಅವರು ಪೂರ್ತಿ ಕೆಳಗೆ ಬರುವವರೆಗೂ ಮೆಟ್ಟಿಲಿನ ಬುಡದಲ್ಲಿ ಸುಮ್ಮನೆ ನಿಂತಿದ್ದೆ.